ಎರಡು ವರ್ಷದ ಮಗುವಿನ ಮಾತು: ಮೊಬೈಲಿನಲ್ಲಿ ದಾಖಲಿಸಿ, ಎಣಿಸುವ ಬಗೆ

ಮಗುವಿಗೆ ಎರಡು ತುಂಬಿದರೂ ಮಾತು ಸಾಲದು ಅನ್ನಿಸುತ್ತಿದೆಯೇ? ವಾಕ್ ತಜ್ಞರ ಹತ್ತಿರ ಹೋಗುವಾಗ ಮನೆಯಲ್ಲೇ ಮಾಡಿದ ಹದಿನೈದು ನಿಮಿಷದ ವಿಡಿಯೊ ಜೊತೆಗಿರಲಿ. ಹೊಸ ಮುಖದ ಮುಂದೆ ಬಹಳ ಮಕ್ಕಳು ಬಾಯಿಯೇ ಬಿಡುವುದಿಲ್ಲ.

ನಿದ್ದೆ ಮುಗಿದು ಹೊಟ್ಟೆ ತುಂಬಿದ ಹೊತ್ತು ನೋಡಿ. ಟಿವಿಯ ಜೊತೆ ಫ್ಯಾನನ್ನೂ ಆರಿಸಿ. ಗಾಳಿ ಮೈಕಿಗೆ ಬಡಿದರೆ ಮೆಲ್ಲನೆಯ ಸದ್ದುಗಳು ಮುಚ್ಚಿಹೋಗುತ್ತವೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಒಂದು ಮೀಟರಿನೊಳಗೆ ಗೋಡೆಗೆ ಆನಿಸಿಡಿ. ಮುಖದಷ್ಟೇ ಕೈಯೂ ಕಾಣಬೇಕು, ಮಗು ಬೆರಳು ಮಾಡಿ ತೋರಿಸುತ್ತದೆಯೇ ಎಂಬುದು ಬಹಳ ಮುಖ್ಯ.

‘ಇದೇನು ಹೇಳು?’ ಎಂದು ಪರೀಕ್ಷೆ ಮಾಡಬೇಡಿ. ಒಳಗಿನ ಬಿಸ್ಕತ್ತು ಕಾಣುವಂಥ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಕೊಡಿ. ಮಗು ಅದನ್ನು ನಿಮ್ಮ ಕೈಗೆ ತಂದಾಗ ತಕ್ಷಣ ತೆಗೆಯದೆ ಮನಸ್ಸಿನಲ್ಲೇ ಐದು ಎಣಿಸಿ. ಆ ಮೌನದಲ್ಲೇ ಮಾತು ಹೊರಡುವುದು. ದೊಡ್ಡವರು ತುಂಬಾ ಬೇಗ ಬಾಯಿ ಹಾಕುತ್ತಾರೆ.

ಆಮೇಲೆ ಎಣಿಕೆ. ತಾನಾಗಿ, ಒಂದೇ ವಸ್ತುವಿಗೆ ಮತ್ತೆ ಮತ್ತೆ ಅದೇ ಸದ್ದು ಬಳಸಿದರೆ ಅದು ಪದ. ನೀರಿಗೆ ‘ನೀಯು’ ಅಂದರೂ ಸರಿ. ‘ಬುವ್ವ’, ‘ತಾಚಿ’, ಹಸುವಿಗೆ ‘ಅಂಬಾ’ ಎಲ್ಲವೂ ಲೆಕ್ಕಕ್ಕೆ. ನೀವು ಹೇಳಿದ ಕೂಡಲೇ ಮರುನುಡಿದದ್ದು ಬೇಡ. ಮನೆಯಲ್ಲಿ ತುಳುವೋ ಉರ್ದುವೋ ಇದ್ದರೆ ಆ ಪದಗಳನ್ನೂ ಕೂಡಿಸಿ. ಕನ್ನಡವನ್ನಷ್ಟೇ ಎಣಿಸಿದರೆ ಮಗು ವೃಥಾ ಹಿಂದುಳಿದಂತೆ ಕಾಣುತ್ತದೆ. ‘ಅಪ್ಪ ಬಾ’, ‘ಹಾಲು ಬೇಡ’ ಜೋಡುಪದ. ‘ಏನಿದು’ ಇಡಿಯಾಗಿ ಕಲಿತದ್ದು, ಒಂದೇ ಪದ.

ವಿಡಿಯೊದಲ್ಲಿ ಬಾರದ, ದಿನವೂ ಆಡುವ ಪದಗಳನ್ನು ಪಟ್ಟಿಗೆ ಸೇರಿಸಿ. ಎರಡು ವರ್ಷಕ್ಕೆ ಒಟ್ಟು ಸುಮಾರು 50 ಪದ, ಜೊತೆಗೆ ಜೋಡುಪದ ಇರಬೇಕು. ಇಲ್ಲದಿದ್ದರೆ ‘ಗಂಡುಮಕ್ಕಳಿಗೆ ಮಾತು ತಡ’ ಎಂದು ಕಾಯಬೇಡಿ. ಆಡುತ್ತಿದ್ದ ಮಾತೇ ನಿಂತುಹೋದರಂತೂ, ಯಾವ ವಯಸ್ಸಾದರೂ ಸರಿ, ಕೂಡಲೇ ತೋರಿಸಿ.

ಮೊದಲು ಕಿವಿ ಪರೀಕ್ಷೆ. ಚಪ್ಪಾಳೆಗೆ ತಿರುಗಿತೆಂದ ಮಾತ್ರಕ್ಕೆ ಕಿವಿ ಸರಿಯಿದೆ ಎಂದಲ್ಲ. ಅಲ್ಪಸ್ವಲ್ಪ ಕಿವುಡು ಹಾಗೆ ಸಿಕ್ಕುವುದಿಲ್ಲ. ಆಟಿಸಂ ಶಂಕೆಗೆ ಎಂ-ಚಾಟ್-ಆರ್ ಎಂಬ 20 ಪ್ರಶ್ನೆಗಳ ಪಟ್ಟಿಯಿದೆ, 16ರಿಂದ 30 ತಿಂಗಳ ಮಕ್ಕಳಿಗೆ. ಅಂಕ 3 ಅಥವಾ ಹೆಚ್ಚು ಬಂದರೆ ಮುಂದಿನ ತಪಾಸಣೆ ಬೇಕೆಂದಷ್ಟೇ ಅರ್ಥ, ಆಟಿಸಂ ಇದೆಯೆಂದಲ್ಲ.

ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮ) ತಂಡಕ್ಕೆ ಹೇಳಿದರೆ ಮುಂದೆ ಎಲ್ಲಿಗೆಂದು ಬರೆದುಕೊಡುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ವಿಡಿಯೊವನ್ನು ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಿ, ಇಲ್ಲದಿದ್ದರೆ ಗುಣಮಟ್ಟ ಕುಗ್ಗುತ್ತದೆ.