ಕರ್ಟ್ ಕೋಬೇನ್ ಅವರ ಹಾಡುಗಳನ್ನು ಯಾವ ಕ್ರಮದಲ್ಲಿ ಕೇಳಬೇಕು?

ಅಮೆರಿಕದ ರಾಕ್ ತಂಡ 'ನಿರ್ವಾಣ'ದ ಗಾಯಕ, ಗಿಟಾರ್ ವಾದಕ ಕರ್ಟ್ ಕೋಬೇನ್ ಅವರನ್ನು ಅರಿಯಲು ಹೊರಟವರು ಸಾಮಾನ್ಯವಾಗಿ 1991ರ 'ನೆವರ್‌ಮೈಂಡ್' ಆಲ್ಬಮ್ಮಿನಿಂದ ತೊಡಗುತ್ತಾರೆ. ಅದರ ಅಬ್ಬರದಲ್ಲಿ ಹಾಡು ಕಟ್ಟಿದವರ ಕುಶಲತೆ ಹೊಸ ಕಿವಿಗೆ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, 1993ರ ನವೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ ಎಂಟಿವಿ ಸಂಗೀತ ವಾಹಿನಿಗಾಗಿ ನಡೆಸಿದ 'ಅನ್‌ಪ್ಲಗ್ಡ್' ಕಛೇರಿಯನ್ನೇ ಮೊದಲು ಕೇಳುವುದು ಒಳ್ಳೆಯದು. ('ಪ್ಲಗ್ ತೆಗೆದ', ಅಂದರೆ ವಿದ್ಯುತ್ ವಾದ್ಯಗಳಿಲ್ಲದ ಎಂಬುದು ಆ ಹೆಸರಿನ ಅರ್ಥವಾದರೂ ಅವರ ಗಿಟಾರು ಆಂಪ್ಲಿಫೈಯರ್ ಮೂಲಕವೇ ನುಡಿದಿತ್ತು.)

ಆ ಕಛೇರಿ 'ಅಬೌಟ್ ಎ ಗರ್ಲ್' ಹಾಡಿನಿಂದ ಆರಂಭವಾಗುತ್ತದೆ. ಅದು ಮುಗಿದೊಡನೆ, ಸುಮಾರು 600 ಡಾಲರ್ ವೆಚ್ಚದಲ್ಲಿ ಧ್ವನಿಮುದ್ರಣಗೊಂಡ 1989ರ ಚೊಚ್ಚಲ ಆಲ್ಬಮ್ 'ಬ್ಲೀಚ್'ನಲ್ಲಿರುವ ಅದೇ ಹಾಡನ್ನು ಕೇಳಿ. ವಾದ್ಯಗಳ ಬಿರುಸು ಬೇರೆಯಾದರೂ ರಾಗದ ಎಲುಬುಗೂಡು ಎರಡರಲ್ಲೂ ಒಂದೇ ಎಂಬುದು ತಿಳಿದರೆ, ಈ ಅಭ್ಯಾಸದ ಮುಖ್ಯ ಪಾಠ ದಕ್ಕಿದಂತೆ.

ಬಳಿಕ 'ನೆವರ್‌ಮೈಂಡ್'. ಚರಣದಲ್ಲಿ ಗಿಟಾರು ತಗ್ಗಿ ಬೇಸ್ ಮತ್ತು ಡ್ರಮ್ ಮಾತ್ರ ಮುನ್ನಡೆದು, ಪಲ್ಲವಿಯಲ್ಲಿ ಎಲ್ಲವೂ ಒಮ್ಮೆಲೇ ಸಿಡಿಯುವ ವಿನ್ಯಾಸವನ್ನು ಗಮನಿಸಿ. ಇದನ್ನು ಅಮೆರಿಕದ ಇನ್ನೊಂದು ರಾಕ್ ತಂಡವಾದ ಪಿಕ್ಸೀಸ್‌ನಿಂದ ಪಡೆದೆವೆಂದು ಕೋಬೇನ್ ಅವರೇ ಒಪ್ಪಿಕೊಂಡಿದ್ದರು. ಈ ಆಲ್ಬಮ್ಮಿನ ನುಣುಪು ಅವರಿಗೆ ಆಮೇಲೆ ಹಿಡಿಸಲಿಲ್ಲ. 1993ರ 'ಇನ್ ಯುಟೆರೊ' ಆಲ್ಬಮ್ಮನ್ನು ಧ್ವನಿಮುದ್ರಣ ತಜ್ಞ ಸ್ಟೀವ್ ಆಲ್ಬಿನಿ ಅವರೊಂದಿಗೆ ಒರಟಾಗಿ ಧ್ವನಿಮುದ್ರಿಸಿದ್ದು ಏಕೆಂಬುದು ಎರಡನ್ನೂ ಬೆನ್ನುಬೆನ್ನಿಗೆ ಕೇಳಿದಾಗ, ಅದರಲ್ಲೂ ಡ್ರಮ್ಮಿನ ನಾದವನ್ನು ಹೋಲಿಸಿದಾಗ, ಸ್ಪಷ್ಟವಾಗುತ್ತದೆ.

ಜೀವನಚರಿತ್ರೆಯನ್ನು ಇಷ್ಟಾದ ಮೇಲೆ ಓದಿದರೆ ಸಾಕು. 1967ರ ಫೆಬ್ರವರಿ 20ರಂದು ವಾಷಿಂಗ್ಟನ್ ರಾಜ್ಯದ ಅಬರ್ಡೀನ್ ಎಂಬ ಮರ ಕಡಿಯುವ ಉದ್ಯಮದ ಊರಿನಲ್ಲಿ ಜನನ, ಒಂಬತ್ತನೆಯ ವಯಸ್ಸಿನಲ್ಲಿ ತಂದೆತಾಯಿಯರ ವಿಚ್ಛೇದನ, 1987ರಲ್ಲಿ ಬೇಸ್ ವಾದಕ ಕ್ರಿಸ್ಟ್ ನೊವೊಸೆಲಿಕ್ ಅವರೊಡನೆ ತಂಡದ ಸ್ಥಾಪನೆ, 1994ರ ಏಪ್ರಿಲ್‌ನಲ್ಲಿ ಸಿಯಾಟಲ್‌ನ ಮನೆಯಲ್ಲಿ 27ನೆಯ ವಯಸ್ಸಿಗೇ ಸಾವು. ಈ ಸಾವನ್ನು ಮುಂದಿಟ್ಟುಕೊಂಡು ಪ್ರತಿ ಸಾಲಿನಲ್ಲೂ ಅದರ ಸುಳಿವನ್ನು ಹುಡುಕುವುದು ದೊಡ್ಡ ತಪ್ಪು. ಅವರಿಗೆ ರಾಗ ಮೊದಲು ಹುಟ್ಟುತ್ತಿತ್ತು; ಸಾಹಿತ್ಯ ಎಷ್ಟೋ ಬಾರಿ ಧ್ವನಿಮುದ್ರಣದ ಹೊತ್ತಿಗಷ್ಟೇ ಪೂರ್ಣಗೊಳ್ಳುತ್ತಿತ್ತು.

ಕೊನೆಗೆ 'ಅನ್‌ಪ್ಲಗ್ಡ್'ಗೆ ಮರಳಿ, ಅಲ್ಲಿನ 14 ಹಾಡುಗಳಲ್ಲಿ ಇತರರು ರಚಿಸಿದ ಅಥವಾ ಇತರರಿಂದ ಬಂದ ಆರನ್ನು ಬೇರ್ಪಡಿಸಿ ಕೇಳಿ. ತಮ್ಮ ಹೆಚ್ಚಿನ ಜನಪ್ರಿಯ ಗೀತೆಗಳನ್ನು ಬಿಟ್ಟು, ಮೀಟ್ ಪಪೆಟ್ಸ್ ಎಂಬ ರಾಕ್ ತಂಡದ ಸಹೋದರರಿಬ್ಬರನ್ನು ವೇದಿಕೆಗೆ ಕರೆಸಿ ಅವರ ಮೂರು ಹಾಡುಗಳನ್ನು ಹಾಡಿದ ಕೋಬೇನ್, ಕಛೇರಿಯನ್ನು ಮುಗಿಸಿದ್ದು ಹಿಂದಿನ ತಲೆಮಾರಿನ ಅಮೆರಿಕನ್ ಜನಪದ ಗಾಯಕ ಲೆಡ್ ಬೆಲ್ಲಿ ಅವರ ಧ್ವನಿಮುದ್ರಣದಿಂದ ಕಲಿತ ಹಳೆಯ ಜನಪದ ಗೀತೆಯಿಂದ.