ಟಿಪಿಎಂಎಸ್ ಕೂರಿಸಿದ ಮೇಲೆ ಇಳಿಯುತ್ತಿದ್ದ ಗಾಳಿ

ರಾಯಚೂರಿನಿಂದ ಮಾನ್ವಿ, ಸಿಂಧನೂರಿನ ಕಡೆಗೆ ಬೈಕಿನಲ್ಲಿ ಓಡಾಡುವ ನಾನು, ಟೈರಿನ ಒತ್ತಡ ತೋರಿಸುವ ಟಿಪಿಎಂಎಸ್ ಸೆನ್ಸರ್‌ಗಳನ್ನು ವಾಲ್ವಿನ ಮುಚ್ಚಳದ ಜಾಗದಲ್ಲಿ ಹಾಕಿಸಿದ್ದೆ. ಕೆಲವು ತಿಂಗಳ ನಂತರ ಹಿಂದಿನ ಟ್ಯೂಬ್‌ಲೆಸ್ ಟೈರಿನ ಗಾಳಿ ನಿಧಾನವಾಗಿ ಇಳಿಯತೊಡಗಿತು. ಪಂಕ್ಚರ್ ಅಂಗಡಿಯಲ್ಲಿ ಚಕ್ರವನ್ನು ನೀರಿನಲ್ಲಿ ಮುಳುಗಿಸಿ ನೋಡಿದರೂ ಒಂದು ಗುಳ್ಳೆಯೂ ಏಳಲಿಲ್ಲ.

ಪರೀಕ್ಷೆಗೆ ಮುನ್ನ ಸೆನ್ಸರ್ ಬಿಚ್ಚಿದ್ದೇ ಅದಕ್ಕೆ ಕಾರಣ. ಹೊರಗೆ ಕೂರುವ ಸೆನ್ಸರ್ ಒತ್ತಡವನ್ನು ಅಳೆಯಲು ವಾಲ್ವಿನೊಳಗಿನ ಪಿನ್ನನ್ನು ಸದಾ ಒತ್ತಿ ಹಿಡಿದು ವಾಲ್ವನ್ನು ತೆರೆದೇ ಇಡುವುದರಿಂದ, ಗಾಳಿಯನ್ನು ತಡೆಯುವ ಹೊಣೆ ಪೂರ್ತಿಯಾಗಿ ಸೆನ್ಸರಿನ ಪುಟ್ಟ ರಬ್ಬರ್ ವಾಷರಿನ ಮೇಲೆ ಬೀಳುತ್ತದೆ. ಸೆನ್ಸರನ್ನು ಮತ್ತೆ ತಿರುಗಿಸಿ ಕೂರಿಸಿ, ಬುಡಕ್ಕೆ ಸೋಪಿನ ನೀರು ಹಚ್ಚಿದಾಗ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ವಾಷರ್ ಗಟ್ಟಿಯಾಗಿ ಅಂಚಿನಲ್ಲಿ ಸೀಳಿತ್ತು.

ಹೊಸ ವಾಷರ್ ಹಾಕಿದೆ. ಜೊತೆಗೆ, ವೇಗದಲ್ಲಿ ಸೆನ್ಸರಿನ ತೂಕಕ್ಕೆ ರಬ್ಬರ್ ವಾಲ್ವ್ ಹೊರಮುಖವಾಗಿ ಬಾಗಿ ಬುಡದಲ್ಲಿ ಬಿರುಕು ಬಿಡುವ ಅಪಾಯವಿರುವುದರಿಂದ ಲೋಹದ ವಾಲ್ವ್ ಹಾಕಿಸಿದೆ; ಈ ಖರ್ಚು ಖಂಡಿತ ಸಾರ್ಥಕ. ಗಾಳಿ ಇಳಿಯುವುದು ನಿಂತಿತು.

ನಮ್ಮ ಭಾಗದ ಬೇಸಿಗೆಗೆ ಇನ್ನೊಂದು ಮಾತು. ಟೈರಿನ ಉಷ್ಣಾಂಶ ಐದಾರು ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಬೆಳಿಗ್ಗೆ 32 ಇದ್ದದ್ದು ಮಧ್ಯಾಹ್ನದ ಓಟದಲ್ಲಿ 36 ತೋರಿಸಿದರೆ ಗಾಳಿ ಬಿಡಬಾರದು; ತಣ್ಣಗಿರುವಾಗ ಅಳೆದ ಒತ್ತಡವನ್ನೇ ಆಧಾರವಾಗಿಟ್ಟುಕೊಂಡು, ಟಿಪಿಎಂಎಸ್ ಎಚ್ಚರಿಕೆ ಕೊಡುವ ಮೇಲ್ಮಿತಿಯನ್ನು ಅದಕ್ಕೆ ತಕ್ಕಂತೆ ಹೊಂದಿಸಬೇಕು.