ನಗೆಯ ಮರೆಯಲ್ಲಿ ಇಟ್ಟ ಸುಳಿವು

ಹಾಸ್ಯ ಬೆರೆತ ಪತ್ತೇದಾರಿ ಕಾದಂಬರಿ ಎಂದರೆ ನಾಲ್ಕು ಪುಟ ತನಿಖೆ, ನಡುವೆ ಅರ್ಧ ಪುಟ ಚಟಾಕಿ ಎಂದು ತಿಳಿದವರೇ ಹೆಚ್ಚು. ವರದಿಗಾರನೊಬ್ಬ ಪತ್ತೇದಾರನಾಗಿರುವ ನನ್ನ ಕಾದಂಬರಿಯನ್ನು ನಾನು ಹಾಗೆ ಕಟ್ಟಲಿಲ್ಲ. ನಗುವಾಗ ಓದುಗನಿಗೆ ಅನುಮಾನ ಪಡಲು ಬಿಡುವಿರುವುದಿಲ್ಲ. ಆದ್ದರಿಂದ ಎಲ್ಲಕ್ಕಿಂತ ಮುಖ್ಯವಾದ ಸುಳಿವನ್ನು ಎಲ್ಲಕ್ಕಿಂತ ಒಳ್ಳೆಯ ಚಟಾಕಿಯೊಳಗೇ ಇಡಬೇಕೆಂದು ನಿರ್ಧರಿಸಿದೆ. ಇಡೀ ಪುಸ್ತಕ ಆ ಒಂದು ನಿರ್ಧಾರದ ಮೇಲೆ ನಿಂತಿದೆ.

ಕಥೆ ನಡೆಯುವುದು 1990ರ ದಶಕದ ಒಂದು ಆಷಾಢದಲ್ಲಿ. ಶಿವಮೊಗ್ಗದ ಅಡಿಕೆ ಮಂಡಿಯೊಂದರ ಗುಮಾಸ್ತ ಆಗುಂಬೆ ಕಡೆಯ ತನ್ನ ಊರಿಗೆ ಹೋದವನು ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ಸಾಯುತ್ತಾನೆ. ಮಳೆಗಾಲ, ಪಾಚಿ ಕಟ್ಟಿದ ಮರದ ಸಂಕ, ತುಂಬಿ ಹರಿಯುವ ಹಳ್ಳ. ಯಾರಿಗೂ ಸಂಶಯ ಬರುವುದಿಲ್ಲ. ಮಂಡಿಯ ಸಾಹುಕಾರರು ಅಂದು ಇಡೀ ದಿನ ಶಿವಮೊಗ್ಗದಲ್ಲೇ ಇದ್ದೆನೆಂದು ಹೇಳುತ್ತಾರೆ. ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆಯ ಬಗೆವಾರು ದರ ಬರೆದು ತಾವೇ ಸಹಿ ಹಾಕಿದ ಪಟ್ಟಿಗಳನ್ನು ಮುಂದಿಡುತ್ತಾರೆ. ಸಂಜೆ ಅವರನ್ನು ಕಾಣಲು ಬಂದ ವರದಿಗಾರನ ಕಣ್ಣಿಗೆ ಅವರ ಬಿಳಿ ಪಂಚೆಯ ಅಂಚಿನಲ್ಲಿ ರಕ್ತದ ಒಂದು ಗೆರೆ, ಹಿಮ್ಮಡಿಯ ಮೇಲೆ ಒತ್ತಿದ ಸುಣ್ಣ ಬೀಳುತ್ತವೆ. ಅವನು ಹೇಳುವುದು ಇಷ್ಟೇ: "ಏನು ಸಾಹುಕಾರರೇ, ಈ ಉಂಬಳ ತನ್ನ ಕುಲದವರನ್ನೂ ಬಿಡುವುದಿಲ್ಲವೇ?"

ಉಂಬಳ ಎಂದರೆ ಮಲೆನಾಡಿನ ಕಾಡು, ತೋಟಗಳ ಜಿಗಣೆ; ಅದು ಕಚ್ಚಿದಲ್ಲಿ ಸುಣ್ಣ ಒತ್ತುವುದು ರೂಢಿ. ಬಡ್ಡಿಯ ಲೆಕ್ಕದಲ್ಲಿ ರೈತರ ರಕ್ತ ಹೀರುವ ಸಾಹುಕಾರರನ್ನು ಅಲ್ಲಿಯವರೆಗೆ ಮೂರು ಅಧ್ಯಾಯಗಳ ಉದ್ದಕ್ಕೂ ಕಂಡಿರುವ ಓದುಗ ಇಲ್ಲಿ ನಗುತ್ತಾನೆ. ನಕ್ಕ ಮೇಲೆ ಪುಟ ತಿರುಗುತ್ತದೆ. ಸಿಮೆಂಟ್ ನೆಲದ ಮಂಡಿಯಲ್ಲಿ ಕುಳಿತವರಿಗೆ ಉಂಬಳ ಎಲ್ಲಿಂದ ಹತ್ತಿತು ಎಂದು ಕೇಳುವುದು ಬಾಕಿ ಉಳಿಯುತ್ತದೆ.

ಈ ಸುಳಿವು ಮಲೆನಾಡಿನ ನೆಲದ್ದೇ ಆಗಿರಬೇಕೆಂಬುದು ನನ್ನ ಹಟವಾಗಿತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯ ಮಳೆ ಅದರ ಹತ್ತಿರಕ್ಕೂ ಬರುವುದಿಲ್ಲ. ಒಂದೇ ಜಿಲ್ಲೆಯೊಳಗಿನ ಈ ಅಂತರವೇ ಸಾಹುಕಾರರ ಸುಳ್ಳನ್ನು ಹಿಡಿಯುವ ಸಾಧನವಾಯಿತು. ಉಂಬಳ ಕಚ್ಚಿದ್ದು ತಿಳಿಯುವುದೇ ಇಲ್ಲ, ನೋವಿರುವುದಿಲ್ಲ. ಅದರ ಜೊಲ್ಲಿನಲ್ಲಿರುವ ಹಿರುಡಿನ್‌ನಂಥ ವಸ್ತು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಅದು ಕುಡಿದು ಉದುರಿದ ಬಹಳ ಹೊತ್ತಿನ ಮೇಲೂ ಗಾಯ ಒಸರುತ್ತಲೇ ಇರುತ್ತದೆ. ಆಗುಂಬೆಯ ಕಾಡುದಾರಿಯಲ್ಲಿ ಹತ್ತಿದ ಉಂಬಳದ ಗುರುತು ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗದವರೆಗೆ ಪಂಚೆಯ ಮೇಲೆ ಬರಲು ಸಾಧ್ಯವಾಗುವುದು ಇದರಿಂದಲೇ.

ಹಸ್ತಪ್ರತಿಯನ್ನು ಇಬ್ಬರಿಗೆ ಓದಲು ಕೊಟ್ಟೆ. ಪೇಟೆಯಲ್ಲೇ ಬೆಳೆದ ಗೆಳತಿಗೆ ಏನೂ ಹೊಳೆಯಲಿಲ್ಲ. ಹೊಸನಗರದ ಕಡೆಯ ಅಡಿಕೆ ಬೆಳೆಗಾರರಾದ ಚಿಕ್ಕಪ್ಪ ಮಾತ್ರ ನಕ್ಕು, ಮರುಕ್ಷಣವೇ, "ಇವನು ತೋಟಕ್ಕೋ ಕಾಡಿಗೋ ಹೋಗಿ ಬಂದಿದ್ದಾನೆ" ಎಂದರು. ಮಲೆನಾಡಿನವರ ಕಣ್ಣಿನಿಂದ ಉಂಬಳವನ್ನು ತಪ್ಪಿಸಬೇಕಾದರೆ ಅದು ಮೊದಲೇ ಪುಸ್ತಕದ ತುಂಬ ಇರಬೇಕು. ಅದಕ್ಕೆ ಹಿಂದಿನ ಅಧ್ಯಾಯಗಳಲ್ಲಿ ಶವ ನೋಡಲು ಸಂಕದ ಬಳಿಗೆ ಹೋದ ಛಾಯಾಗ್ರಾಹಕನಿಗೂ ಸಬ್ ಇನ್‌ಸ್ಪೆಕ್ಟರರಿಗೂ ಉಂಬಳ ಹತ್ತಿಸಿದೆ. ಛಾಯಾಗ್ರಾಹಕ ಕ್ಯಾಮೆರಾ ಎತ್ತಿದಾಗಲೆಲ್ಲ ಕಾಲು ಕೊಡವುವುದು ಒಂದು ಮರುಕಳಿಸುವ ನಗೆಯಾಯಿತು. ಸಾಹುಕಾರರ ಸರದಿ ಬರುವಷ್ಟರಲ್ಲಿ ಓದುಗನಿಗೆ ಅದು ಅಭ್ಯಾಸವಾಗಿರುತ್ತದೆ. ಚಿಕ್ಕಪ್ಪನಂಥವರೇ ಬೇರೆ ಕೆಲವರಿಗೆ ಆಮೇಲೆ ಕೊಟ್ಟೆ. ಯಾರೂ ಅಲ್ಲಿ ನಿಲ್ಲಲಿಲ್ಲ. ಈ ತಿದ್ದುಪಡಿ ನನಗೆ ಕಾದಂಬರಿಯಲ್ಲೇ ಅತ್ಯಂತ ಸಂತೋಷ ಕೊಟ್ಟ ಕೆಲಸ.

ವರದಿಗಾರನ ಮಾತಿನ ಮೊನೆ ಎಲ್ಲಿಂದ ಬರಬೇಕು? ನಾನೇ ಪತ್ರಿಕೆಯಲ್ಲಿ ದುಡಿದಾಗ ಕಲಿತ ಒಂದು ಉಪಾಯವನ್ನು ಅವನಿಗೆ ಕೊಟ್ಟೆ. ನೇರವಾಗಿ ಕೇಳಿದರೆ ಬಾಯಿ ಬಿಡದವರು, ಎದುರಿಗೆ ತಪ್ಪು ಹೇಳಿದರೆ ತಿದ್ದದೆ ಇರಲಾರರು. ಠಾಣೆಯಲ್ಲಿ ಅವನು ಸ್ಟೇಷನ್ ರೈಟರನ್ನು, "ಎಫ್‌ಐಆರ್ ಹಾಕಿದ್ದೀರಂತೆ, ಯಾರ ಮೇಲೆ? ಹಳ್ಳದ ಮೇಲೋ, ಪಾಚಿಯ ಮೇಲೋ?" ಎಂದು ಕೇಳುತ್ತಾನೆ. "ಎಫ್‌ಐಆರ್ ಎಲ್ಲಿ ಮಾರಾಯರೇ, ಬರೀ ಯುಡಿಆರ್" ಎಂದು ಆತ ಒದರುತ್ತಾನೆ. ಪೊಲೀಸರು ಇದನ್ನು ಅಸಹಜ ಸಾವೆಂದು ಮಾತ್ರ ದಾಖಲಿಸಿದ್ದಾರೆ, ಕೊಲೆಯ ಯೋಚನೆಯೇ ಇಲ್ಲ ಎಂಬುದು ಹೀಗೆ ಹೊರಬೀಳುತ್ತದೆ. ಆ ಕಾಲಕ್ಕೆ ಅದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ. ಇಂದಿನ ಕಥೆ ಬರೆಯುವವರು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ನೋಡಬೇಕು.

ಉತ್ತರ ಕೊಡುವವರ ಕಡೆಗೂ ಒಂದು ಆಯುಧ ಬೇಕಲ್ಲ. ಮಲೆನಾಡಿನಲ್ಲಿ ಅದು ಕವಳ. ಇಕ್ಕಟ್ಟಿನ ಪ್ರಶ್ನೆ ಬಂದಾಗ ತಟ್ಟೆ ಎಳೆದುಕೊಂಡು ಎಲೆಯ ತೊಟ್ಟು ಮುರಿದು, ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ ಬಾಯಿ ತುಂಬಿಕೊಂಡರೆ ಯೋಚಿಸಲು ಎಷ್ಟು ಸಮಯ ಬೇಕಾದರೂ ಸಿಗುತ್ತದೆ, ಯಾರೂ ಅವಸರ ಮಾಡುವಂತಿಲ್ಲ. ಸಾಹುಕಾರರು ಯಾವ ಪ್ರಶ್ನೆಗೆ ಕವಳ ಹಾಕುತ್ತಾರೆ, ಯಾವುದಕ್ಕೆ ಹಾಕುವುದಿಲ್ಲ ಎಂಬುದನ್ನು ಗಮನಿಸಿದವರು ಕೊನೆಯ ಅಧ್ಯಾಯಕ್ಕೆ ಮೊದಲೇ ಕೊಲೆಗಾರರನ್ನು ಹಿಡಿಯಬಹುದು. ಹಿಮ್ಮಡಿಯ ಸುಣ್ಣವೂ ಅದೇ ತಟ್ಟೆಯದು.

ಗುಮಾಸ್ತನ ಮನೆಯಲ್ಲಿ ಮಾತ್ರ ನನ್ನ ವರದಿಗಾರ ಒಂದೂ ಚಟಾಕಿ ಹಾರಿಸುವುದಿಲ್ಲ. ಕಾಲುಸಂಕದಿಂದ ಜಾರಿ ಸಾಯುವುದು ನಮ್ಮ ಸೀಮೆಯಲ್ಲಿ ಮಳೆಗಾಲದಲ್ಲಿ ನಿಜವಾಗಿಯೂ ನಡೆಯುವ ದುರಂತ. ಗುಮಾಸ್ತನ ತಾಯಿ "ಆಸರಿಗೆ ಏನು ಕೊಡಲಿ?" ಎಂದು ಕೇಳುತ್ತಾಳೆ, ಅವನು ಮಜ್ಜಿಗೆ ಕುಡಿದು ಎದ್ದು ಬರುತ್ತಾನೆ. ಆ ಅಧ್ಯಾಯವನ್ನು ಚಿಕ್ಕದಾಗಿ ಬರೆದೆ.

ಹಳೆಯ ಕಾಲವನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳ: ಮೊಬೈಲ್ ಇದ್ದರೆ ಸಾಹುಕಾರರ ಸುಳ್ಳು ಒಂದು ದಿನವೂ ನಿಲ್ಲುವುದಿಲ್ಲ. ಆಗ ತಾಲೂಕಿನ ಸುದ್ದಿ ಕವರಿನಲ್ಲಿ ಕಂಡಕ್ಟರ್ ಕೈಗೆ ಸೇರಿ ಬಸ್ಸಿನಲ್ಲಿ ಜಿಲ್ಲಾ ಕಚೇರಿಗೆ ಬರುತ್ತಿತ್ತು. ದಾರಿಯಲ್ಲಿ ಮರ ಬಿದ್ದರೆ ಸುದ್ದಿಯೂ ಅಲ್ಲೇ ಕೂರುತ್ತಿತ್ತು. ಇಡೀ ಕಥೆಯ ಗಡುವು ಅಂಥ ಒಂದು ಕವರಿನ ಮೇಲೆ ನಿಂತಿದೆ.

ಈಗ ಎರಡನೆಯದನ್ನು ಬರೆಯುತ್ತಿದ್ದೇನೆ. ಕೊಯ್ಲಿನ ಕಾಲ, ಸಾಗರದ ಹತ್ತಿರದ ಒಂದು ಮನೆ, ಅಡಿಕೆ ಬೇಯಿಸುವ ಒಲೆಯ ಪಕ್ಕ ಒಂದು ಅಂಗಿ. ಅದರ ಮೇಲಿನ ಕೆಂಗಂದು ಕಲೆಯನ್ನು ಎಲ್ಲರೂ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸ, ಎಂದುಕೊಳ್ಳುತ್ತಾರೆ. ಕಲೆ ಸಿದ್ಧವಿದೆ, ಅದನ್ನು ಮುಚ್ಚುವ ಚಟಾಕಿಗಾಗಿ ಹುಡುಕುತ್ತಿದ್ದೇನೆ.